ಗದಗಿನ ವರ, ಹಂಗೇರಿಯ ಕನಸು

ಸಂಜೆ, ಧಾರವಾಡದ ಸಪ್ತಾಪುರದ ಚಹಾ ಅಂಗಡಿ. ಸುತ್ತ ಎತ್ತ ನೋಡಿದರೂ ಕೋಚಿಂಗ್ ಕ್ಲಾಸಿನ ಬೋರ್ಡು. ಬಸಣ್ಣ ಗಿರಮಿಟ್ಟಿನ ತಟ್ಟೆ ಮುಟ್ಟಿರಲಿಲ್ಲ. ಅಂದರೆ ವಿಷಯ ಗಂಭೀರ.

"ಭಾನುವಾರ ಗದಗಿನಿಂದ ಗಂಡಿನ ಕಡೆಯವರು ಬರ್ತಾರೆ. ಮಗಳು ನೋಡಿದರೆ ಐಎಫ್‌ಎಸ್ ಅಂತ ಕೂತಾಳೆ."

"ಚಲೋ ಆತಲ್ಲ, ದಾಂಡೇಲಿ ಹತ್ತಿರಾನೇ ಇದೆ," ಅಂದೆ.

"ಕಾಡು ಕಾಯೋ ಐಎಫ್‌ಎಸ್ ಅಲ್ಲ ಮಾರಾಯಾ, ವಿದೇಶಾಂಗ ಸೇವೆ. ರಾಯಭಾರಿ ಆಗೋದು!"

ಮಾಸ್ತರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಅರ್ಧ ತಾಸು ಯಾರೂ ಏಳುವಂತಿಲ್ಲ.

"ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಗೊತ್ತೇನು? 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಸಂದರ್ಶನ ಮಾಡಿದವರೇ ಆಕೆಗೆ ಈ ಕೆಲಸ ಬೇಡ ಅಂದಿದ್ದರಂತೆ. ಆಗ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ತಗೋಬೇಕಿತ್ತು. ಆಮೇಲೂ ಸಂಸಾರ ಕೆಲಸಕ್ಕೆ ಅಡ್ಡ ಬರ್ತದೆ ಅನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದಿತ್ತು."

"ಗಂಡಸರ ಸಂಸಾರ ಅಡ್ಡ ಬರೋದಿಲ್ವಾ?" ಅಂದ ಬಸಣ್ಣ. "ನಾನು ಆಫೀಸಿನಲ್ಲಿ ಕೂತಿದ್ದಾಗ ದಿನಾ ಮನೆಯಿಂದ ಫೋನ್. ಒಂದಿನ ಗಿರಣಿಗೆ ಹೋಗು, ಒಂದಿನ ಸಿಲಿಂಡರ್ ತಾ."

"ಅದನ್ನೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1979ರಲ್ಲಿ ಮುತ್ತಮ್ಮನವರ ಕೇಸಿನಲ್ಲಿ ಹೇಳಿದ್ದು. ಹೆಂಗಸಿನ ಸಂಸಾರ ಅಡ್ಡ ಬರೋದಾದರೆ ಗಂಡಸಿನದೂ ಬರಬಹುದಲ್ಲ ಅಂತ. ಸಿಲಿಂಡರ್ ಮಾತು ಮಾತ್ರ ತೀರ್ಪಿನಲ್ಲಿಲ್ಲ."

"ಕೇಸು ಯಾಕೆ ಹಾಕಿದರು?"

"ಬಡ್ತಿ ಕೊಡಲಿಲ್ಲ. ಅರ್ಹತೆ ಸಾಲದು ಅಂದರು. 1970ರಲ್ಲೇ ಹಂಗೇರಿಗೆ ರಾಯಭಾರಿ ಆಗಿದ್ದವರಿಗೆ! ಸೀದಾ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೀತಿರುವಾಗಲೇ ಬಡ್ತಿ ಬಂತು."

"ಹಾಗಾದರೆ ಅರ್ಹತೆ ಕೋರ್ಟಿನ ಮೆಟ್ಟಿಲ ಮೇಲೆ ಬಿದ್ದಿತ್ತಾ?" ಅಂದೆ. ಮಾಸ್ತರು ನಕ್ಕರು. ಅವರು ನಗೋದು ಅಪರೂಪ, ಸುಮ್ನೆ ಹೇಳಿದೆ.

"ಮತ್ತೆ ನಾನೇನು ಮಾಡಲಿ?" ಬಸಣ್ಣನಿಗೆ ಹಂಗೇರಿಗಿಂತ ಗದಗಿನ ಚಿಂತೆ ಜಾಸ್ತಿ.

"ರಾಯಭಾರಿ ಭಾಷೆ ಕಲಿ. ಆಗೋದಿಲ್ಲ ಅನ್ನಬಾರದು. 'ನೋಡೋಣು' ಅನ್ನಬೇಕು."

"ಅದು ನಮ್ಮ ಧಾರವಾಡದಲ್ಲಿ ಹಾಲು ಮಾರುವವನಿಗೂ ಬರ್ತದಲ್ಲ!"

ಬಸಣ್ಣ ಕೊನೆಗೆ ಗಿರಮಿಟ್ಟಿಗೆ ಕೈ ಹಾಕಿದ. ಇನ್ನೊಂದು ಕೈಯಲ್ಲಿ ಮನೆಗೆ ಫೋನ್.

"ಏ ಇವಳೇ, ಗದಗಿನವರಿಗೆ ಈಗಲೇ ಏನೂ ಹೇಳಬೇಡ. ಮೊದಲು ಮಗಳ ಲಿಖಿತ ಅನುಮತಿ ತಗೋ."