ಅಪ್‌ಡೇಟ್: ನನ್ನ ತಮ್ಮನಿಗೆ ಜಾಮೀನು ಸಿಕ್ತು (ದಾವಣಗೆರೆ)

ಹೋದ ತಿಂಗಳು ಕೇಳಿದ್ದೆ: ಬದುವಿನ ಜಗಳದಲ್ಲಿ ತಮ್ಮ ಪಕ್ಕದ ಹೊಲದವರಿಗೆ ಗುದ್ದಲಿ ಕಾವಿನಿಂದ ಹೊಡೆದು ಜೈಲು ಸೇರಿದಾನೆ, ಜಾಮೀನು ಆಗುತ್ತಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

26ನೇ ದಿನ ಹೊರಗೆ ಬಂದ. ಕೈಮೂಳೆ ಮುರಿದಿದ್ದರಿಂದ ಅದು 'ತೀವ್ರ ಗಾಯ', ಅದನ್ನ ಅಪಾಯಕಾರಿ ಆಯುಧದಿಂದ ಮಾಡಿದ್ದು ಅಂತ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೇ ಐಪಿಸಿ ಜಾಗಕ್ಕೆ ಬಂದ ಕಾನೂನು) 118(2). ಜೊತೆಗೆ ಪೊಲೀಸರು 109, ಅಂದ್ರೆ ಕೊಲೆ ಯತ್ನ, ಸೇರಿಸಿದ್ರು. ಎರಡೂ ಜಾಮೀನುರಹಿತ, ಅಂದ್ರೆ ಜಾಮೀನು ಹಕ್ಕಾಗಿ ಸಿಗಲ್ಲ, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು. ಮ್ಯಾಜಿಸ್ಟ್ರೇಟ್ ಕೊಡಲಿಲ್ಲ. ಸೆಷನ್ಸ್ ಕೋರ್ಟಿಗೆ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 483ರಡಿ ಜಾಮೀನು ಅರ್ಜಿ ಹಾಕಿದ್ವಿ. ಸರ್ಕಾರಿ ವಕೀಲರು 'ಸಾಕ್ಷಿಗಳನ್ನ ಹೆದರಿಸ್ತಾನೆ' ಅಂತ ತಕರಾರು ತೆಗೆದ್ರು.

ತಪ್ಪು ಮಾಡಿದಾನೋ ಇಲ್ವೋ ಅನ್ನೋದು ಅವತ್ತೇ ತೀರ್ಮಾನ ಆಗುತ್ತೆ ಅಂತ ನಾನಂದ್ಕೊಂಡಿದ್ದೆ, ಆದ್ರೆ ಹಾಗೆ ಆಗಲ್ಲ. ಜಡ್ಜ್ ಮೊದಲು ಕೈಗೆತ್ತಿಕೊಂಡಿದ್ದು ಗಾಯದ ಸರ್ಟಿಫಿಕೇಟು. ಏಟು ಮುಂಗೈಗೆ, ಅದೂ ಒಂದೇ, ತಲೆಗೆ ಬಿದ್ದಿಲ್ಲ. ಗಾಯಾಳು ಡಿಸ್ಚಾರ್ಜ್ ಆಗಿದಾರಾ, ಕಾವು ಜಪ್ತಿ ಆಗಿದೆಯಾ, ಹಳೇ ಕೇಸಿದೆಯಾ ಅಂತ ಕೇಳಿದ್ರು. ತಲೆಗೆ ಬಿದ್ದಿದ್ರೆ ಕಥೆನೇ ಬೇರೆ ಇತ್ತು ಅಂದ್ರು ನಮ್ಮ ವಕೀಲರು.

ಕೊನೆಗೆ ಷರತ್ತು ಹಾಕಿ ಜಾಮೀನು ಕೊಟ್ರು: 50 ಸಾವಿರದ ಬಾಂಡು, ಇಬ್ಬರು ಜಾಮೀನುದಾರರು, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ, ಗಾಯಾಳು ಮನೆಯವರ ತಂಟೆಗೆ ಹೋಗಬಾರದು. ಜಾಮೀನು ನಿಲ್ಲೋಕೆ ಚಿಕ್ಕಪ್ಪ ಪಹಣಿ ಹಿಡ್ಕೊಂಡು ಬಂದ್ರು. ಎರಡನೆಯವರನ್ನ ಹುಡುಕೋಕೆ ಎರಡು ದಿನ ಹಿಡೀತು. ನೆಂಟರೆಲ್ಲ ಫೋನ್ ಎತ್ತೋದೇ ಬಿಟ್ಟಿದ್ರು.

ಚಾರ್ಜ್‌ಶೀಟ್ ಇನ್ನೂ ಆಗಿಲ್ಲ. ಬದುವಿಗೆ ಸರ್ವೆ ಅರ್ಜಿ ಕೊಟ್ಟಿದೀವಿ.