ಅರ್ಧ ಫೋಟೋದ ಮುನಿಯಪ್ಪ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹೋದ ವಾರ ನಡೆದ ಜಗಳ ಇದು. ಏನಾಯ್ತು ಅಂತ ಕೇಳಿದವರು ಜಾಸ್ತಿಯಾದ್ದರಿಂದ ಇಲ್ಲಿ ಹಾಕ್ತಿದೀನಿ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ನಾಗರಾಜ ಮಾವನ ಶುಗರ್ ಫಾರ್ವರ್ಡುಗಳನ್ನೂ ತೆಗೆದಿದೀನಿ. ಉಳಿದದ್ದು ಇದ್ದ ಹಾಗೇ.

ದೊಡ್ಡಪ್ಪ: (ಫೋಟೋ)

ದೊಡ್ಡಪ್ಪ: ಎಲ್ಲರೂ ನೋಡಿ!! ನಮ್ಮ ಮುತ್ತಾತನ ತಮ್ಮ ಮುನಿಯಪ್ಪನವರು ಸಿಕ್ಕಿದ್ದಾರೆ. ಆಫ್ರಿಕಾಕ್ಕೆ ಹೋದ ಹಡಗಿನ ಪಟ್ಟಿ. ಕೋಲಾರ ಅಂತ ಸ್ಪಷ್ಟವಾಗಿದೆ. ಸ್ನೇಹಿತರೊಬ್ಬರು ಕಳಿಸಿದ್ದು. ವಂಶಾವಳಿ ಪುಸ್ತಕಕ್ಕೆ ಬಣ್ಣದ ಪುಟ ಹಾಕು ಅಂತ ಪ್ರೆಸ್‌ನವನಿಗೆ ಹೇಳಿಯಾಗಿದೆ.

ನಾಗರಾಜ ಮಾವ: ಅಭಿನಂದನೆಗಳು ಭಾವ 🙏🙏

ಸರೋಜ ಚಿಕ್ಕಮ್ಮ: ಅಯ್ಯೋ ಎಷ್ಟು ಖುಷಿ. ಅಜ್ಜಿ ಹೇಳ್ತಿದ್ರಲ್ಲ, ಬರದ ವರ್ಷ ಅಣ್ಣನ ಜೊತೆ ಜಗಳ ಆಡ್ಕೊಂಡು ಮನೆ ಬಿಟ್ಟು ಹೋದ್ರು ಅಂತ. ಅವರೇನಾ?

ದೊಡ್ಡಪ್ಪ: ಜಗಳ ಅಲ್ಲ ಸರೋಜ. ವ್ಯಾಪಾರಕ್ಕೆ ಹೋದದ್ದು. ಮದ್ರಾಸಿನಲ್ಲಿ ಹಡಗು ಹತ್ತಿ ಡರ್ಬನ್‌ನಲ್ಲಿ ಅಂಗಡಿ ಇಟ್ಟರು. ಹಾಗೇ ಬರೆಸಿದೀನಿ.

ಅನು: ದೊಡ್ಡಪ್ಪ, ಪೂರ್ತಿ ಪುಟ ಇದೆಯಾ? ಇದರಲ್ಲಿ ತಲೆ ಭಾಗ ಕಟ್ ಆಗಿದೆ, ಹಡಗಿನ ಹೆಸರೂ ಇಲ್ಲ ತಾರೀಖೂ ಇಲ್ಲ. ಬಲಗಡೆ ಕಾಲಂಗಳೂ ಹೋಗಿವೆ.

ದೊಡ್ಡಪ್ಪ: ಬೇಕಾದ್ದೆಲ್ಲ ಇದೆಯಲ್ಲಮ್ಮ. ಮುನಿಯಪ್ಪ, ವಯಸ್ಸು 24, ಮೈಸೂರು, ಕೋಲಾರ. ಇನ್ನೇನು ಆಧಾರ್ ಕಾರ್ಡ್ ಕೇಳ್ತೀಯಾ?

ಅನು: ಕೋಲಾರದ ಕಡೆ ಮುನಿಯಪ್ಪ ಅಂತ ಕೂಗಿದ್ರೆ ಈಗಲೂ ಬೀದಿಗೆ ಮೂರು ಜನ ತಿರುಗಿ ನೋಡ್ತಾರೆ ದೊಡ್ಡಪ್ಪ. ಹೆಸರು, ಊರು ಎರಡೇ ಸಾಲದು.

ಅನು: ಇನ್ನೊಂದು. ವ್ಯಾಪಾರಕ್ಕೆ ಹೋದವರಾದ್ರೆ ಈ ಪಟ್ಟೀಲಿ ಇರೋದೇ ಇಲ್ಲ. ಎಡಗಡೆ ಮೊದಲನೇ ಕಾಲಂನಲ್ಲಿ ನಂಬರ್ ಇದೆ ನೋಡಿ. ನೇಟಾಲ್ (ಡರ್ಬನ್ ಇರೋ ಸೀಮೆ, ಆಗ ಬ್ರಿಟಿಷರದ್ದು) ಸರ್ಕಾರ ಕರಾರಿನ ಮೇಲೆ ಬಂದ ಕೂಲಿಗಳಿಗೆ ಕೊಡ್ತಿದ್ದ ನಂಬರ್ ಅದು. 1860ರಿಂದ 1911ರವರೆಗೆ 1,52,184 ಜನ ಹಾಗೆ ಹೋದ್ರು, ಮೂರರಲ್ಲಿ ಎರಡು ಪಾಲು ಮದ್ರಾಸ್ ಬಂದರಿನಿಂದ. ಐದು ವರ್ಷದ ಕರಾರು, ಹೆಚ್ಚಿನವರಿಗೆ ಕಬ್ಬಿನ ತೋಟ. ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್, ಆಮೇಲೆ ವರ್ಷಕ್ಕೊಂದು ಶಿಲಿಂಗ್ ಜಾಸ್ತಿ. ಕೈಯಿಂದ ದುಡ್ಡು ಕೊಟ್ಟು ಹೋದ ವ್ಯಾಪಾರಸ್ಥರು ಬೇರೆ, ಅವರಲ್ಲಿ ಹೆಚ್ಚಿನವರು ಗುಜರಾತಿನ ಕಡೆಯವರು, ಅವರಿಗೆ ಈ ನಂಬರ್ ಇಲ್ಲ. ಒಂದೋ ಈ ಫೋಟೋ ನಮ್ಮವರದ್ದಲ್ಲ, ಇಲ್ಲಾ ಅಂಗಡಿ ಕಥೆ ಸುಳ್ಳು. ಎರಡನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಿಸೋಕಾಗಲ್ಲ.

ದೊಡ್ಡಪ್ಪ: ನಮ್ಮ ವಂಶದಲ್ಲಿ ಯಾರೂ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿದವರಲ್ಲ. ಪಟೇಲಿಕೆ ಇದ್ದ ಮನೆ.

ಸರೋಜ ಚಿಕ್ಕಮ್ಮ: ಪಟೇಲಿಕೆ ದೊಡ್ಡಮನೆಯವರದ್ದು ಭಾವ. ನಮ್ದು ಕೆರೆ ಕೆಳಗೆ ಒಂದು ತುಂಡು ಹೊಲ ಅಷ್ಟೇ ಇದ್ದದ್ದು.

ನಾಗರಾಜ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ನಾನು: ಮಾವ, ಎಲ್ಲರೂ ಓದಿಯಾಯ್ತು.

ರವಿಯಣ್ಣ (ನ್ಯೂಜೆರ್ಸಿ): ಅಪ್ಪಾ, ಕೂಲಿ ಆದ್ರೇನೀಗ? ಇಲ್ಲಿ ಇಟಾಲಿಯನ್ನರು ತಾತ ಬಂದ ಹಡಗಿನ ಪಟ್ಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸಿರ್ತಾರೆ. ಅನು, ಒಂದು ವಿಷಯ. ಬಂದರಲ್ಲಿ ಆಫೀಸರುಗಳು ಹೆಸರನ್ನೇ ಬದಲಾಯಿಸಿಬಿಡ್ತಿದ್ರು. ನ್ಯೂಯಾರ್ಕಲ್ಲಿ ವಲಸೆ ಬಂದವರನ್ನ ಇಳಿಸಿ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲೆಂಡಲ್ಲಿ ಅದೇ ಕಥೆ. ಅದಕ್ಕೇ ಅಲ್ಪಸ್ವಲ್ಪ ಹೊಂದದಿದ್ರೂ ತಲೆ ಕೆಡಿಸ್ಕೋಬೇಡ.

ಅನು: ರವಿಯಣ್ಣ, ಅದು ಅಮೆರಿಕದ ಅಜ್ಜಿ ಕಥೆ. ಎಲ್ಲಿಸ್ ಐಲೆಂಡಲ್ಲಿ ಹೆಸರು ಬರೆದುಕೊಳ್ತಲೇ ಇರ್ಲಿಲ್ಲ. ಪಟ್ಟಿ ತಯಾರಾಗ್ತಿದ್ದದ್ದು ಹಡಗು ಹತ್ತೋ ಕಡೆ, ಹಡಗಿನ ಕಂಪನಿಯವರ ಕೈಲಿ. ನ್ಯೂಯಾರ್ಕಿನ ಇನ್ಸ್‌ಪೆಕ್ಟರ್ ಆ ಪಟ್ಟಿ ಮುಂದಿಟ್ಟುಕೊಂಡು ಪ್ರಶ್ನೆ ಕೇಳ್ತಿದ್ದ. ಹೆಸರು ಬದಲಾಯಿಸಿಕೊಂಡವರು ಆಮೇಲೆ ತಾವೇ ಬದಲಾಯಿಸಿಕೊಂಡ್ರು.

ರವಿಯಣ್ಣ (ನ್ಯೂಜೆರ್ಸಿ): ಇಲ್ಲಿ ಎಲ್ಲರೂ ಹೇಳ್ತಾರಲ್ಲೇ.

ಅನು: ಹೇಳ್ತಾರೆ. ದೊಡ್ಡಪ್ಪನೂ ಅಂಗಡಿ ಅಂತ ಹೇಳ್ತಿದಾರೆ.

ದೊಡ್ಡಪ್ಪ: ಅನು, ಮಾತು ಹಿಡಿತದಲ್ಲಿರಲಿ.

ಅನು: ಕ್ಷಮಿಸಿ ದೊಡ್ಡಪ್ಪ. ಆದ್ರೆ ಆ ನಂಬರನ್ನ ಇನ್ನೊಂದು ಸಲ ನೋಡಿ. ನಾಲ್ಕೇ ಅಂಕಿ, 2ರಿಂದ ಶುರು. ನೇಟಾಲಿಗೆ ಮೊದಲು ಮುಟ್ಟಿದ ಹಡಗು ಟ್ರೂರೋ, ಮದ್ರಾಸಿನಿಂದ ಹೋದದ್ದು, 1860ರ ನವೆಂಬರ್ 16ಕ್ಕೆ. ನಂಬರ್ ಅಲ್ಲಿಂದ ಏರ್ತಾ ಹೋಗುತ್ತೆ. 1866ರ ಹೊತ್ತಿಗೆ ಆರು ಸಾವಿರ ದಾಟಿತ್ತು. ಆಮೇಲೆ ಹಡಗುಗಳೇ ನಿಂತುಹೋದ್ವು, ಮತ್ತೆ ಶುರುವಾದದ್ದು 1874ರಲ್ಲಿ. ಅಂದ್ರೆ ತಲೆ ಭಾಗ ಕಟ್ ಆಗಿದ್ರೂ ಈ ಮುನಿಯಪ್ಪ 1866ರ ಒಳಗೇ ಹೋದವರು ಅಂತ ಗೊತ್ತಾಗುತ್ತೆ. ಅಜ್ಜಿ ಹೇಳಿದ್ದು ಯಾವ ಬರ?

ಸರೋಜ ಚಿಕ್ಕಮ್ಮ: ಧಾತು ಈಶ್ವರ ಬರ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಅಂಬಲಿ ಕಾಯಿಸ್ತಿದ್ರಂತೆ. ಆ ಕಥೆ ಹೇಳುವಾಗಲೇ ಮುನಿಯಪ್ಪನ ಮಾತು ಬರ್ತಿತ್ತು.

ಅನು: ಅದು 1876ರಿಂದ 78. ಮೈಸೂರು ಸೀಮೆಯಲ್ಲಿ ಐದರಲ್ಲೊಂದು ಪಾಲು ಜನ ಸತ್ತ ಬರ. ಫೋಟೋದವರು ಅದಕ್ಕೂ ಹತ್ತು ವರ್ಷ ಮೊದಲೇ ಡರ್ಬನ್‌ನಲ್ಲಿ ಇಳಿದಿದಾರೆ.

ದೊಡ್ಡಪ್ಪ: ಬೇರೆ ಬರ ಇರಬಹುದು. ಕೋಲಾರಕ್ಕೆ ಬರ ಏನು ಹೊಸದಾ?

(ಈ ಮಾತಿಗೆ ಗುಂಪಿನಲ್ಲಿ ಎಲ್ಲರೂ ನಕ್ಕರು. ದೊಡ್ಡಪ್ಪನ ಜೊತೆ ವಾದ ಮಾಡೋದು ಇದಕ್ಕೇ ಕಷ್ಟ.)

ನಾಗರಾಜ ಮಾವ: ಜಾತಿ ಅನ್ನೋ ಕಡೆ ಜೆಂಟೂ ಅಂತ ಇದೆಯಲ್ಲ. ಅದ್ಯಾವ ಜಾತಿ? ನಮ್ಮವರಲ್ಲ ಅನ್ಸುತ್ತೆ ಭಾವ.

ಅನು: ಜಾತಿ ಅಲ್ಲ ಮಾವ. ತೆಲುಗು ಮಾತಾಡೋರನ್ನ ಇಂಗ್ಲಿಷರು ಹಾಗೆ ಬರೀತಿದ್ರು, ತಮಿಳರಿಗೆ ಮಲಬಾರ್ ಅಂತ. ಹಡಗು ಹತ್ತೋ ಮೊದಲು ಕೂಲಿಗಳನ್ನ ಇಟ್ಟಿರ್ತಿದ್ದ ಡಿಪೋದಲ್ಲಿ ಬೇಕಂತಲೇ ಬೇರೆ ಜಾತಿ ಹೇಳಿದವರೂ ಇದ್ರು. ಆ ಕಾಲಂ ನಂಬ್ಕೊಂಡು ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ.

ದೊಡ್ಡಪ್ಪ: ನೋಡಿದ್ರಾ! ನಮ್ಮ ಮನೆ ಮಾತು ತೆಲುಗೇ. ಇದೂ ಹೊಂದ್ತು.

ನಾನು: ಕೋಲಾರ ಜಿಲ್ಲೇಲಿ ತೆಲುಗು ಬರದವರು ಯಾರು ದೊಡ್ಡಪ್ಪ, ಬಸ್ ಕಂಡಕ್ಟರ್ ಕೂಡ ಮಾತಾಡ್ತಾನೆ.

ಸರೋಜ ಚಿಕ್ಕಮ್ಮ: ಅನು, ಮತ್ತೆ ಯಾವುದನ್ನ ನೋಡಿ ಹೌದು ಅಲ್ಲ ಅಂತ ಹೇಳೋದು?

ಅನು: ತಂದೆ ಹೆಸರು ಚಿಕ್ಕಮ್ಮ. ಪ್ರತಿಯೊಬ್ಬರ ಮುಂದೆನೂ ಬರೆದಿರ್ತಾರೆ. ಆಮೇಲೆ ಹಳ್ಳಿ, ಮೈಮೇಲಿನ ಗುರುತು. ಬಲಗಡೆ ಯಾವ ತೋಟಕ್ಕೆ ಹೋದ್ರು ಅಂತ ಇರುತ್ತೆ, ಸತ್ತದ್ದು ಅಥವಾ ವಾಪಸ್ ಹೊರಟದ್ದೂ ಕೆಲವು ಕಡೆ ಇರುತ್ತೆ. ಹತ್ತು ವರ್ಷ ಅಲ್ಲಿದ್ರೆ ವಾಪಸ್ ಟಿಕೆಟ್ ಸರ್ಕಾರದ್ದು. ಈ ಫೋಟೋದಲ್ಲಿ ತಂದೆ ಹೆಸರು ಅರ್ಧ ಕಾಣುತ್ತೆ, ರಾಮ ಅಂತ ಶುರುವಾಗುತ್ತೆ. ನಮ್ಮ ಮುತ್ತಾತನ ತಂದೆ ಹೆಸರು ಯಾರಿಗಾದ್ರೂ ಗೊತ್ತಾ?

ದೊಡ್ಡಪ್ಪ: ರಾಮಯ್ಯನೇ ಇರಬೇಕು.

ಸರೋಜ ಚಿಕ್ಕಮ್ಮ: ತಡೀರಿ. ಟ್ರಂಕಲ್ಲಿ ಹಳೇ ಪಾಲುಪಟ್ಟಿ ಇದೆ.

(ಮಧ್ಯಾಹ್ನವೆಲ್ಲ ಗುಂಪು ಗಪ್‌ಚುಪ್. ನಾಗರಾಜ ಮಾವ ಮೆಂತ್ಯದ ನೀರಿನ ಬಗ್ಗೆ ಒಂದು ಹಾಕಿದ್ರು, ತೆಗೆದಿದೀನಿ.)

ಸರೋಜ ಚಿಕ್ಕಮ್ಮ: (ಫೋಟೋ) (ಫೋಟೋ)

ಸರೋಜ ಚಿಕ್ಕಮ್ಮ: ಮೋಡಿ ಬರಹ, ಮಡಿಕೆ ಇದ್ದ ಕಡೆ ಹರಿದಿದೆ. ಪಕ್ಕದ್ಮನೆ ಮೇಷ್ಟ್ರ ಕೈಲಿ ಓದಿಸಿದೆ. "ವೆಂಕಟಪ್ಪನ ಮಗ ಮುನಿಯಪ್ಪನು ದೇಶಾಂತರ ಹೋಗಿ ಬಹುಕಾಲದಿಂದ ವರ್ತಮಾನವಿಲ್ಲದ್ದರಿಂದ ಸದರಿಯವನ ಪಾಲನ್ನು ಹಿರಿಯನೇ ಅನುಭವಿಸತಕ್ಕದ್ದು" ಅಂತ ಇದೆಯಂತೆ.

ರವಿಯಣ್ಣ (ನ್ಯೂಜೆರ್ಸಿ): ಓಹೋ! ತಮ್ಮ ಹೋದ, ಹೊಲ ಅಣ್ಣನಿಗೆ. ಜಗಳ ಯಾತಕ್ಕೆ ಅಂತ ಈಗ ಗೊತ್ತಾಯ್ತು.

ದೊಡ್ಡಪ್ಪ: ಹಾಗೆಲ್ಲ ಅರ್ಥ ಮಾಡಬಾರದು. ಹಿರಿಯರು ಜವಾಬ್ದಾರಿ ತಗೊಂಡಿದ್ದಾರೆ. ತಂದೆ ಹೆಸರು ಹಡಗಿನ ಗುಮಾಸ್ತ ತಪ್ಪು ಬರೆದಿರಬಹುದು.

ಅನು: ಕಿವಿಗೆ ಬಿದ್ದ ಹಾಗೆ ಬರೀತಿದ್ರು, ನಿಜ. ವೆಂಕಟಪ್ಪನ್ನ ವೆಂಕಟ್ಟಿ ಮಾಡ್ತಾರೆ, ವೆಂಕಟಾಡು ಮಾಡ್ತಾರೆ. ರಾಮ ಮಾಡಲ್ಲ ದೊಡ್ಡಪ್ಪ. ತಂದೆ ಬೇರೆ, ಕಾಲ ಬೇರೆ.

ದೊಡ್ಡಪ್ಪ: ನಾನು ಊರಿಗೆಲ್ಲ ಹೇಳಿಯಾಗಿದೆ. ಒಂದು ಹೆಸರು ಹಾಕಿದ್ರೆ ಯಾರಿಗೆ ನಷ್ಟ? ನಮ್ಮನೆ ಪುಸ್ತಕ, ನಾವೇ ಓದೋದು.

ಅನು: ನಷ್ಟ ಆಗೋದು ಆ ಫೋಟೋದವರ ಮೊಮ್ಮಕ್ಕಳಿಗೆ. ಅವರ ಹತ್ರ ಇರೋ ಹಿಡಿಕೆ ಈ ನಂಬರ್ ಒಂದೇ. ಅದನ್ನ ಹಿಡ್ಕೊಂಡು ಡರ್ಬನ್‌ನಿಂದ ಮದ್ರಾಸಿಗೆ, ಚಿತ್ತೂರಿಗೆ, ಕೋಲಾರಕ್ಕೆ ಊರು ಹುಡುಕ್ಕೊಂಡು ಬರೋ ಜನ ಇದಾರೆ. ನೀವು ಅದೇ ನಂಬರ್ ಬಣ್ಣದಲ್ಲಿ ಅಚ್ಚು ಹಾಕಿಸಿ ಫೇಸ್‌ಬುಕ್ಕಲ್ಲೂ ಹಾಕ್ತೀರಿ. ಅವರು ನೆಟ್ಟಗೆ ನಮ್ಮನೆ ಬಾಗಿಲಿಗೆ ಬರ್ತಾರೆ. ಕಾಫಿ ಕೊಟ್ಟು, ನಮ್ಮ ಹೊಲ ತೋರಿಸಿ, ಇಲ್ಲೇ ನಿಮ್ಮ ತಾತ ಹುಟ್ಟಿದ್ದು ಅಂತ ಕಳಿಸ್ತೀವಿ. ಅವರ ನಿಜವಾದ ಊರು ಹತ್ತು ಮೈಲಿ ಆಚೆ ಇದ್ರೂ ಅವರಿಗೆ ಸಿಗಲ್ಲ.

(ಇದಕ್ಕೆ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡ್ತಿದಾರೆ ಅಂತ ಬರ್ತಿತ್ತು, ಹೋಗ್ತಿತ್ತು.)

ದೊಡ್ಡಪ್ಪ: ಸರಿ. ಹಡಗಿನ ಫೋಟೋ ಬೇಡ. ಪಾಲುಪಟ್ಟಿ ಫೋಟೋ ಹಾಕೋಣ. ಆ ಕೊನೇ ಸಾಲು ಮಾತ್ರ ಬಿಟ್ಟು.

ಸರೋಜ ಚಿಕ್ಕಮ್ಮ: ಹಾಕಿದ್ರೆ ಪೂರ್ತಿ ಹಾಕಿ ಭಾವ. ಇಲ್ಲಾಂದ್ರೆ ನಾನು ಒರಿಜಿನಲ್ ಕೊಡಲ್ಲ.

ನಾಗರಾಜ ಮಾವ: 👍

ಅನು: ಚಿಕ್ಕಮ್ಮ, ಅಜ್ಜಿ ಆಫ್ರಿಕಾ ಅಂತಲೇ ಹೇಳಿದ್ರಾ?

ಸರೋಜ ಚಿಕ್ಕಮ್ಮ: ಇಲ್ಲಮ್ಮ. ಸಮುದ್ರ ದಾಟಿ ಕಬ್ಬು ಕಡಿಯೋಕೆ ಹೋದ ಅಂತಿದ್ರು. ಆಫ್ರಿಕಾ ಅಂದದ್ದು ಭಾವನೇ.

ಅನು: ಹಾಗಾದ್ರೆ ಮಾರಿಷಸ್ ಕೂಡ ನೋಡಬೇಕು. ಅಲ್ಲಿಗೆ 1834ರಿಂದ ನಾಲ್ಕೂವರೆ ಲಕ್ಷ ಜನ ಹೋಗಿದಾರೆ, ಪುಸ್ತಕಗಳೆಲ್ಲ ಮೋಕಾ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿವೆ. ಧಾತು ಬರದ ಹೊತ್ತಿಗೆ ಅಲ್ಲಿ ಒಬ್ಬೊಬ್ಬರದ್ದೂ ಫೋಟೋ ತೆಗೀತಿದ್ರು.

ದೊಡ್ಡಪ್ಪ: ಫೋಟೋನಾ? ಮುಖದ್ದಾ?

ಅನು: ಮುಖದ್ದೇ. ಮೊದಲು ನೇಟಾಲಿನ 1876ರಿಂದ 80ರ ಮದ್ರಾಸ್ ಹಡಗುಗಳನ್ನ ನೋಡ್ತೀನಿ, ಡರ್ಬನ್ ವಿಶ್ವವಿದ್ಯಾಲಯದವರು ಪಟ್ಟಿಗಳನ್ನ ಕಂಪ್ಯೂಟರಿಗೆ ಹಾಕಿದಾರೆ. ತಂದೆ ವೆಂಕಟಪ್ಪ ಅಂತ ಇರೋ ಮುನಿಯಪ್ಪ, ಮುನಿಸ್ವಾಮಿ, ಮುನಿಗ ಎಲ್ಲರನ್ನೂ ತೆಗೆದಿಡ್ತೀನಿ. ಆಮೇಲೆ ಮೋಕಾಕ್ಕೆ ಬರೆಯೋಣ.

ದೊಡ್ಡಪ್ಪ: ಪ್ರೆಸ್‌ನವನಿಗೆ ಆ ಪುಟ ತಡೆದಿಡು ಅಂತ ಹೇಳ್ತೀನಿ. ಅಡ್ವಾನ್ಸ್ ವಾಪಸ್ ಕೊಡಲ್ಲ ಅವನು, ಪರವಾಗಿಲ್ಲ. ಮಾರಿಷಸ್‌ಗೆ ಬರೆಯುವಾಗ ಕಾಗದ ನನ್ನ ಹೆಸರಲ್ಲಿ ಹೋಗಲಿ.