ಕ್ರೋಮಿಯಂನಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ಬರೀ ಕಪ್ಪು

ಪ್ರಶ್ನೆ: ಲಿನಕ್ಸ್‌ನಲ್ಲಿ ವೇಲ್ಯಾಂಡ್ (ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆ) ಸೆಷನ್, ಡಿಸ್ಟ್ರೋದವರೇ (ಲಿನಕ್ಸ್ ಸಿದ್ಧಪಡಿಸಿ ಹಂಚುವವರು) ಕೊಟ್ಟ ಹಳೆಯ ಕ್ರೋಮಿಯಂ ಬ್ರೌಸರ್ ಪ್ಯಾಕೇಜ್. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಒತ್ತಿದರೆ ಎದುರಿನವರಿಗೆ ಕಪ್ಪು ಪರದೆ. ಟ್ಯಾಬ್ ಶೇರ್ ಸರಿ ಇದೆ, ಫೈರ್‌ಫಾಕ್ಸ್‌ನಲ್ಲೂ ತೊಂದರೆ ಇಲ್ಲ. ಯಾಕೆ?

ಉತ್ತರ: ವೇಲ್ಯಾಂಡ್‌ಗಿಂತ ಮುಂಚಿನ ಎಕ್ಸ್11ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇಡೀ ಸ್ಕ್ರೀನ್ ಓದಬಹುದಿತ್ತು, ವೇಲ್ಯಾಂಡ್ ಅದಕ್ಕೆ ಬಿಡುವುದಿಲ್ಲ, ಬ್ರೌಸರ್ ಆದದ್ದು ಪೋರ್ಟಲ್ (ಪ್ರೋಗ್ರಾಂಗಳ ಪರವಾಗಿ ಅನುಮತಿ ಕೇಳುವ ಡೆಸ್ಕ್‌ಟಾಪ್ ಸೇವೆ) ಮೂಲಕ ನಿಮ್ಮ ಒಪ್ಪಿಗೆ ಕೇಳಿ, ಪೈಪ್‌ವೈರ್‌ನಿಂದ (ಆಡಿಯೋ, ವಿಡಿಯೋ ಸಾಗಿಸುವ ಲಿನಕ್ಸ್ ಸೇವೆ) ಚಿತ್ರ ಪಡೆಯಬೇಕು. ಪ್ಯಾಕೇಜ್ ಬಿಲ್ಡ್ ಮಾಡುವಾಗ (ಮೂಲ ಕೋಡ್‌ನಿಂದ ತಯಾರಿಸುವಾಗ) ಪೈಪ್‌ವೈರ್ ಆಯ್ಕೆ ಆಫ್ ಇಟ್ಟಿದ್ದರೆ ಆ ಕೋಡೇ ಒಳಗಿರುವುದಿಲ್ಲ. ಸೆಟ್ಟಿಂಗ್ಸ್ ತಿರುವಿ ಹಾಕಿದರೂ ಸುಮ್ನೆ. ಫೈರ್‌ಫಾಕ್ಸ್‌ಗೆ ಪೈಪ್‌ವೈರ್ ಬೆಂಬಲ 2020ರಲ್ಲೇ, 84ನೇ ಆವೃತ್ತಿಯಲ್ಲಿ ಬಂತು.

ಇನ್ನೊಬ್ಬರು: ಮೊದಲು ಕ್ರೋಮಿಯಂನ ಫ್ಲ್ಯಾಗ್ಸ್ (ಪ್ರಾಯೋಗಿಕ ಆಯ್ಕೆಗಳ) ಪುಟದಲ್ಲಿ ಪೈಪ್‌ವೈರ್ ಅಂತ ಹುಡುಕಿ. ಡೆಸ್ಕ್‌ಟಾಪ್‌ಗೆ ತಕ್ಕ ಪೋರ್ಟಲ್ ಇದೆಯಾ ಅಂತಲೂ ನೋಡಿ, ಗ್ನೋಮ್ ಡೆಸ್ಕ್‌ಟಾಪ್‌ದು ಬೇರೆ, ಕೆಡಿಇ ಡೆಸ್ಕ್‌ಟಾಪ್‌ದು ಬೇರೆ.

ಪ್ರಶ್ನೆ ಕೇಳಿದವರು: ಪೋರ್ಟಲ್ ಇದೆ, ಫ್ಲ್ಯಾಗೇ ಕಾಣುತ್ತಿಲ್ಲ.

ಉತ್ತರ: ಹಾಗಾದರೆ ಬಿಲ್ಡ್‌ನಲ್ಲೇ ಕೈಬಿಟ್ಟಿದ್ದಾರೆ, ಅಲ್ವಾ? ಬಗ್ ರಿಪೋರ್ಟ್ ಹಾಕಿ, ಅಲ್ಲಿವರೆಗೆ ಕ್ರೋಮಿಯಂನ ಫ್ಲಾಟ್‌ಪ್ಯಾಕ್ (ಯಾವ ಡಿಸ್ಟ್ರೋದಲ್ಲೂ ಹಾಕಬಹುದಾದ ಪ್ಯಾಕೇಜ್) ಬಳಸಿ ನೋಡಿ.